ಆಟ್ರಿಬ್ಯೂಟುಗಳು ಎಲ್ಲಿ ಹೋದವು?

ಪ್ರಶ್ನೆ: ಪುಸ್ತಕಪಟ್ಟಿಯ ಎಕ್ಸ್‌ಎಂಎಲ್ ಕಡತದಲ್ಲಿ ‘ಪ್ರೈಸ್’ ಮಾತ್ರ ಬದಲಿಸಬೇಕಿತ್ತು. ಎಕ್ಸ್‌ಎಸ್‌ಎಲ್‌ಟಿ ಓಡಿಸಿದರೆ ಆಟ್ರಿಬ್ಯೂಟುಗಳೆಲ್ಲ ಮಾಯ! ಯಾಕೆ?

ಉತ್ತರ: ‘ಎಕ್ಸ್‌ಎಸ್‌ಎಲ್:ಕಾಪಿ’ ಎಲಿಮೆಂಟಿನ ಚಿಪ್ಪನ್ನಷ್ಟೇ ನಕಲಿಸುತ್ತದೆ. ‘ಅಪ್ಲೈ-ಟೆಂಪ್ಲೇಟ್ಸ್’ಗೆ ಏನೂ ಹೇಳದಿದ್ದರೆ ಅದು ಮಕ್ಕಳನ್ನು ಮಾತ್ರ ಹುಡುಕುತ್ತದೆ. ಎಕ್ಸ್‌ಪಾತ್ ಲೆಕ್ಕದಲ್ಲಿ ಆಟ್ರಿಬ್ಯೂಟಿಗೆ ಎಲಿಮೆಂಟು ತಾಯಿ, ಆದರೆ ಎಲಿಮೆಂಟಿಗೆ ಆಟ್ರಿಬ್ಯೂಟು ಮಗುವಲ್ಲ (ವಿಚಿತ್ರ ಸಂಸಾರ!). ಹಾಗಾಗಿ ಮ್ಯಾಚ್, ಸೆಲೆಕ್ಟ್ ಎರಡರಲ್ಲೂ ‘@*|ನೋಡ್()’ ಎಂದು ಬರೆಯಿರಿ. ಎಲ್ಲವೂ ಇದ್ದಂತೆಯೇ ನಕಲಾಗುತ್ತದೆ. ಆಮೇಲೆ ‘@ಪ್ರೈಸ್’ಗೆಂದೇ ಇನ್ನೊಂದು ಟೆಂಪ್ಲೇಟ್ ಬರೆದು, ‘ಎಕ್ಸ್‌ಎಸ್‌ಎಲ್:ಆಟ್ರಿಬ್ಯೂಟ್’ ಮೂಲಕ ಹೊಸ ದರ ಕೊಡಿ. 1999ರ ಮೊದಲ ಆವೃತ್ತಿಯಿಂದಲೂ ‘@*’ನ ಆದ್ಯತೆ -0.5, ಹೆಸರು ಹಿಡಿದು ಕರೆದದ್ದರದು 0. ಗೆಲ್ಲುವುದು ನಿಮ್ಮದೇ. ಹೊಸ ಆಟ್ರಿಬ್ಯೂಟ್ ಸೇರಿಸುವುದಿದ್ದರೆ ಮಾತ್ರ ಮಕ್ಕಳನ್ನು ಬರೆಯುವ ಮೊದಲೇ ಸೇರಿಸಿಬಿಡಿ; ತಡವಾದರೆ ದೋಷ ಎನ್ನುತ್ತದೆ.