ಕುಟುಂಬದ ಮನೆಯ ನಕ್ಷೆಯಾದರೂ ಉಳಿಯಲಿ

ಕಳೆದ ಬೇಸಗೆಯಲ್ಲಿ ಕೊಕ್ಕರ್ಣೆ ಸಮೀಪದ ನಮ್ಮ ಕುಟುಂಬದ ಮನೆಯ ಅಂಗಳದಲ್ಲಿ ವಾಸ್ತುಶಿಲ್ಪ ಕಾಲೇಜೊಂದರ ನಾಲ್ವರು ವಿದ್ಯಾರ್ಥಿಗಳು ಟೇಪು ಹಿಡಿದು ನಿಂತಿದ್ದರು. ದಾರಿಯಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು ದಣಪೆ ದಾಟಿ ಒಳಬಂದು, ಒಂದು ಕ್ಷಣ ನೋಡಿ, ನನ್ನನ್ನು ಕೇಳಿದರು: 'ಹ್ವಾಯ್, ಎಂತಕ್ ಅಳತಿ ಮಾಡೂದ್? ಮಾರೂಕಾ, ಮತ್ತೆ ಪಾಲ್ ಮಾಡೂಕಾ?'

ಅವರ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಕಡೆ ಮನೆಯನ್ನು ಅಳೆಯುವುದಕ್ಕೆ ಈ ಎರಡು ಕಾರಣಗಳಲ್ಲದೆ ಮೂರನೆಯದೊಂದು ಇರಬಹುದೆಂದು ಯಾರೂ ಎಣಿಸುವುದಿಲ್ಲ. ಸರ್ಕಾರಿ ಸೇವೆಯಲ್ಲಿದ್ದ ಮೂರು ದಶಕಗಳಲ್ಲಿ ನಾನೂ ಎಣಿಸಿರಲಿಲ್ಲ. ಭೂಮಿಯ ಅಳತೆಯ ಕಾಗದಗಳಿಗೆ ಲೆಕ್ಕವಿಲ್ಲದಷ್ಟು ಸಹಿ ಮಾಡಿದವನು ನಾನು. ಆದರೆ ಇರುವುದನ್ನು ಇರುವ ಹಾಗೆ ಬರೆದಿಡುವ ಸಲುವಾಗಿ ಮಾತ್ರ ಒಂದು ಮನೆಯನ್ನು ಅಳೆಯಿಸಿದ್ದು ನಿವೃತ್ತಿಯ ನಂತರ, ಇದೇ ಮೊದಲು. ಅದೂ ಮನೆಯನ್ನು ಕೆಡಹುವ ತೀರ್ಮಾನವಾದ ಮೇಲೆ. ಮೂವತ್ತಕ್ಕೂ ಹೆಚ್ಚು ಪಾಲುದಾರರಿರುವ ಆ ಮನೆಯನ್ನು ದೀಪಾವಳಿ ಕಳೆದ ಮೇಲೆ ಇಳಿಸುವುದೆಂದು ಕುಟುಂಬದ ಸಭೆಯಲ್ಲಿ ನಿಶ್ಚಯವಾಗಿದೆ. ಒಪ್ಪಿಗೆ ಪತ್ರದಲ್ಲಿ ನನ್ನ ಸಹಿಯೂ ಇದೆ. ಆದ್ದರಿಂದ ಈ ಲೇಖನವನ್ನು ಪರಂಪರೆಯ ರಕ್ಷಕನೊಬ್ಬನ ಉಪದೇಶವೆಂದು ಓದುಗರು ಭಾವಿಸಬಾರದು.

ಕರಾವಳಿಯ ಹಳೆಯ ಮನೆಗಳೆಂದರೆ ಇಟ್ಟಿಗೆಯ ಮನೆಗಳಲ್ಲ. ಮಣ್ಣು, ಮುರಕಲ್ಲು, ಹಲಸು, ಬೋಗಿ ಮರ ಇವೇ ಅವುಗಳ ಸಾಮಗ್ರಿ. ಕೊಕ್ಕರ್ಣೆಯಿಂದ ಹೆಚ್ಚು ದೂರವಿಲ್ಲದ ಸೂರಾಲಿನಲ್ಲಿ ತೋಳಹ ಅರಸರ ಅರಮನೆಯೇ ಮಣ್ಣಿನದು. ವರ್ಷಕ್ಕೆ ಸುಮಾರು 4 ಸಾವಿರ ಮಿಲಿಮೀಟರ್ ಮಳೆ ಸುರಿಯುವ ನಾಡಿನಲ್ಲಿ ಮಣ್ಣಿನ ಗೋಡೆ ಶತಮಾನಗಳ ಕಾಲ ನಿಲ್ಲುವುದು ಹೇಗೆ ಎಂದು ಹೊರಗಿನವರು ಬೆರಗಾಗುತ್ತಾರೆ. ಗುಟ್ಟು ಗೋಡೆಯಲ್ಲಿರುವುದಕ್ಕಿಂತ ಮಾಡಿನಲ್ಲಿದೆ. ಕೆಳಗಿನವರೆಗೆ ಇಳಿದ ಸೂರು, ಪಡುವಣ ಬದಿಗೆ ಮಳೆಗಾಲಕ್ಕೆ ಮುನ್ನ ಕಟ್ಟುವ ಮಡಲಿನ ತಟ್ಟಿ, ಎತ್ತರದ ಜಗಲಿ - ಇಷ್ಟಿದ್ದರೆ ಮಣ್ಣಿಗೆ ನೀರು ತಾಗುವುದಿಲ್ಲ. ಮಾಡು ಒಂದೇ ಒಂದು ಮಳೆಗಾಲ ಸೋರಿದರೆ ಮಾತ್ರ ಅದೇ ಗೋಡೆ ಮರುವರ್ಷಕ್ಕೆ ಇರುವುದಿಲ್ಲ.

ನಮ್ಮ ಮನೆಯೂ ಅರಮನೆಯಲ್ಲದಿದ್ದರೂ ಅದೇ ಜಾತಿಯದು. ನಡುವೆ ತೆರೆದ ಅಂಗಳ, ನಾಲ್ಕೂ ಸುತ್ತ ಕಟ್ಟಡ, ಮೂಡು ದಿಕ್ಕಿಗೆ ಚಾವಡಿ, ಅದರ ಮೇಲೆ ಉಪ್ಪರಿಗೆ, ಹಿಂದುಗಡೆ ಹಟ್ಟಿ. ಕೋಣೆಗಳಿಗೆ ಹಲಗೆಯ ಮುಚ್ಚಿಗೆ, ಮುಚ್ಚಿಗೆಯ ಮೇಲೆ ಮಣ್ಣಿನ ಪದರ. ಎಪ್ರಿಲ್ ತಿಂಗಳ ಮಧ್ಯಾಹ್ನದಲ್ಲೂ ಒಳಗೆ ಫ್ಯಾನು ಬೇಡ. ಆದರೆ ಅರ್ಥಶಾಸ್ತ್ರ ಓದಿದ ನನ್ನ ಕಣ್ಣಿಗೆ ಈ ಮನೆಯ ಮುಖ್ಯ ಭಾಗ ಕೆತ್ತನೆಯ ಕಂಬಗಳ ಚಾವಡಿಯಲ್ಲ. ಉತ್ತರ ಬದಿಯ ಕತ್ತಲೆಯ ಕಣಜ. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವರ್ಗದಾರನ ಕೈಕೆಳಗೆ ಮೂಲಗೇಣಿ, ಚಾಲಗೇಣಿಯ ಒಕ್ಕಲುಗಳಿದ್ದವು. ಗೇಣಿ ಅಕ್ಕಿಯ ಮುಡಿಗಳಲ್ಲಿ ಬರುತ್ತಿತ್ತು. ಆ ಮುಡಿಗಳನ್ನು ಇರಿಸಲು, ಎಣಿಸಲು, ಕಾಯಲು, ಬೇಯಿಸಿ ಬಡಿಸಲು ತಕ್ಕಂತೆ ಕಟ್ಟಿದ ಮನೆ ಇದು. ಚಾವಡಿಯಲ್ಲಿ ಯಜಮಾನ ಕುಳಿತಲ್ಲಿಂದಲೇ ಹೆಬ್ಬಾಗಿಲೂ ಕಣಜದ ಬಾಗಿಲೂ ಒಟ್ಟಿಗೆ ಕಾಣುವಂತಿರುವುದು ಆಕಸ್ಮಿಕವಲ್ಲ.

1974ರ ಮಾರ್ಚ್ 1ರಂದು ಗೇಣಿ ಭೂಮಿ ಸರ್ಕಾರದಲ್ಲಿ ನಿಹಿತವಾಯಿತು. ಒಕ್ಕಲುಗಳು 'ಡಿಕ್ಲರೇಷನ್' ಕೊಟ್ಟರು, ಭೂಮಿ ಉಳುವವರದಾಯಿತು. ದೇವರಾಜ ಅರಸು ಅವರ ಕಾಲದ ಆ ಕಾಯ್ದೆ ನ್ಯಾಯವಾದದ್ದೆಂದು ಆಗಲೂ ನಂಬಿದ್ದೆ, ಈಗಲೂ ನಂಬಿದ್ದೇನೆ. ನಮ್ಮ ಮಾವಂದಿರೊಡನೆ ಈ ವಿಷಯದಲ್ಲಿ ಹುಡುಗನಾಗಿದ್ದಾಗಲೇ ವಾದ ಮಾಡಿ ಬೈಸಿಕೊಂಡಿದ್ದೇನೆ. ಆದರೆ ಕಣಜ ತುಂಬುವುದು ನಿಂತ ಮೇಲೆ ಕಣಜವನ್ನು ಹೊತ್ತ ಮನೆಯನ್ನು ಸಾಕುವ ದುಡ್ಡು ಎಲ್ಲಿಂದ ಬರಬೇಕು? ವರ್ಷಕ್ಕೊಮ್ಮೆ ಹಂಚು ಕೈಯಾಡಿಸಲು, ಗೆದ್ದಲು ಹಿಡಿದ ಪಕ್ಕಾಸು ಬದಲಿಸಲು ಬೇಕಾದ ಹಣ ಮುಂಬಯಿ, ಬೆಂಗಳೂರಿನ ಹೋಟೆಲುಗಳಿಂದ ಬರತೊಡಗಿತು. ಹಾಗೆ ಹಣ ಕಳಿಸಿದವರು ಒಂದು ತಲೆಮಾರಿನವರು. ಅವರ ಮಕ್ಕಳಿಗೆ ಇದು ವರ್ಷಕ್ಕೊಮ್ಮೆ ದೈವದ ಪೂಜೆಗೆ ಬರುವ ಊರು.

ಮನೆ ಸೊರಗಿದ್ದಕ್ಕೆ ಇನ್ನೊಂದು ಕಾರಣ ಕಾನೂನಿನದು. ನಮ್ಮದು ಅಳಿಯ ಸಂತಾನದ ಕುಟುಂಬ. ಆಸ್ತಿ ಹೆಣ್ಣಿನ ಸಂತತಿಯಲ್ಲಿ, ಆಡಳಿತ ಸೋದರಮಾವನ ಕೈಯಲ್ಲಿ. ಎಲ್ಲರೂ ಒಪ್ಪಿದ ಹೊರತು ಪಾಲು ಕೇಳುವ ಹಕ್ಕು ಯಾರಿಗೂ ಇರಲಿಲ್ಲ. 1949ರ ಮದರಾಸು ಅಳಿಯ ಸಂತಾನ ಕಾಯ್ದೆ ಕವರುಗಳಿಗೆ, ಎಂದರೆ ಒಬ್ಬ ತಾಯಿಯ ಸಂತತಿಯ ಶಾಖೆಗಳಿಗೆ, ವಿಭಾಗ ಕೇಳುವ ಅವಕಾಶ ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಪಾಲುಗಳು ವ್ಯಕ್ತಿಗಳಿಗೆ ಇಳಿದು ಇನ್ನಷ್ಟು ಒಡೆದವು. ನಮ್ಮ ಮನೆಯಲ್ಲಿ ವಿಭಾಗವಾದದ್ದು ಅರುವತ್ತರ ದಶಕದಲ್ಲಿ. ಆಗಲೇ ಮನೆಗೆ ಇಟ್ಟಿಗೆ ಬಂದದ್ದು.

ಚಾವಡಿಯ ನಡುವಿನಿಂದ ಹೊರಟು, ಒಳ ಅಂಗಳವನ್ನು ಸೀಳಿ, ಅಡುಗೆಮನೆಯವರೆಗೆ ಒಂದು ಇಟ್ಟಿಗೆಯ ಗೋಡೆ ಎದ್ದಿತು. ಇಟ್ಟಿಗೆ ಕುಂದಾಪುರದ ಕಡೆಯ ಹಂಚಿನ ಕಾರ್ಖಾನೆಯೊಂದರದ್ದೆಂದು ಕೇಳಿದ್ದೇನೆ. ಮಣ್ಣಿನ ಗೋಡೆಗಳು ಎರಡು ಅಡಿ ದಪ್ಪವಿರುವಲ್ಲಿ ಇದು ಒಂದೇ ಇಟ್ಟಿಗೆಯ ಅಗಲದ ತೆಳು ಗೋಡೆ. ಒಂದು ಮನೆ ಎರಡಾಯಿತು, ಆಮೇಲೆ ಅಟ್ಟ, ಜಗಲಿಗಳೂ ಒಡೆದು ನಾಲ್ಕು ಸಂಸಾರಗಳ ನಾಲ್ಕು ಒಲೆಗಳಾದವು. ದೈವದ ಕೋಣೆ, ಬಾವಿ ಮಾತ್ರ ಎಲ್ಲರಿಗೂ ಸೇರಿದವು. ಚಾವಡಿಯ ನಡುಗಂಬ ಆ ಗೋಡೆಯ ಗೆರೆಯಲ್ಲೇ ಸಿಕ್ಕಿಕೊಂಡದ್ದರಿಂದ ಅದರ ಒಂದು ಮಗ್ಗುಲು ಆ ಕಡೆಗೆ, ಒಂದು ಮಗ್ಗುಲು ಈ ಕಡೆಗೆ ಕಾಣುತ್ತದೆ. ಈ ಬದಿಗೆ ಎಣ್ಣೆ ಹಚ್ಚಿದ ಕಪ್ಪು ಮರ. ಆ ಬದಿಗೆ ಹಸಿರು ಪೈಂಟು.

ನಾಲ್ವರು ವಿದ್ಯಾರ್ಥಿಗಳು ಹತ್ತು ದಿನ ದುಡಿದು ಮಾಡಿದ ಮೊದಲ ನಕ್ಷೆಯಲ್ಲಿ ಈ ಗೋಡೆಯೇ ಇರಲಿಲ್ಲ! ಸಿಮೆಂಟು ಶೀಟಿನ ಇಳಿಮಾಡುಗಳೂ ಆಮೇಲೆ ಕಟ್ಟಿದ ಕಕ್ಕಸುಗಳೂ ಇರಲಿಲ್ಲ. ನಾಲ್ಕು ಅಡುಗೆಮನೆಗಳಲ್ಲಿ ಮೂರು ಮಾಯವಾಗಿದ್ದವು. 'ಸರ್, ಅವು ಮೂಲ ಕಟ್ಟಡದ ಭಾಗವಲ್ಲ. ನಾವು ಪಾರಂಪರಿಕ ರಚನೆಯನ್ನು ದಾಖಲಿಸುತ್ತಿದ್ದೇವೆ' ಎಂದು ಆ ತಂಡದ ಹುಡುಗಿ ವಿನಯದಿಂದಲೇ ಹೇಳಿದಳು. ಅವಳ ಅಧ್ಯಾಪಕರದೂ ಅದೇ ಅಭಿಪ್ರಾಯ. ನಾನು ಒಪ್ಪಲಿಲ್ಲ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಾಲ್ಕು ಸಂಸಾರಗಳು ಬಾಳಿದ್ದು ಆ ಗೋಡೆಯ ಎರಡು ಬದಿಗಳಲ್ಲಿ. ಮೂಲ ಮನೆ ಎಂಬುದೂ ಒಂದೇ ಏಟಿಗೆ ಆದದ್ದಲ್ಲವಲ್ಲ? ಪಕ್ಕಾಸುಗಳಲ್ಲಿ ಈಗಿನ ಹಂಚಿನ ಮಾಡಿಗೆ ಬೇಕಿಲ್ಲದ ಹಳೆಯ ತೂತುಗಳಿವೆ. ಹುಲ್ಲಿನ ಮಾಡು ಕಟ್ಟುತ್ತಿದ್ದ ಕಾಲದವು ಇರಬೇಕು. ಜರ್ಮನಿಯ ಜಾರ್ಜ್ ಪ್ಲೆಬ್ಸ್ಟ್ ಬಾಸೆಲ್ ಮಿಷನ್ನಿನ ಪರವಾಗಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ನಾವು ಇಂದು 'ಸಾಂಪ್ರದಾಯಿಕ' ಎಂದು ಕೊಂಡಾಡುವ ಕೆಂಪು ಹಂಚಿನ ಮಾಡು ಹೊರಗಿನಿಂದ ಬಂದ, ಆ ಕಾಲದ ಹೊಸ ತಂತ್ರಜ್ಞಾನ. ಹಂಚು ಪರಂಪರೆಯಾದರೆ ಇಟ್ಟಿಗೆ ಏಕಾಗಬಾರದು?

ವಾದ ಮುಗಿದದ್ದು ನನ್ನ ತರ್ಕದಿಂದಲ್ಲ, ಒಂದು ಕಾಗದದಿಂದ. ಕಬ್ಬಿಣದ ಪೆಟ್ಟಿಗೆಯಲ್ಲಿದ್ದ ಪಾಲುಪಟ್ಟಿಯನ್ನು ತಂದು ಅವರ ಮುಂದೆ ಓದಿದೆ. ಯಾವ ಕೋಣೆ ಯಾವ ಕವರಿಗೆ, ಅದರ ಬಾಗಿಲು ಯಾವ ದಿಕ್ಕಿಗೆ, ಯಾವ ಬಾಗಿಲನ್ನು ಮುಚ್ಚಬೇಕು, ಬಾವಿಗೆ ಹೋಗುವ ದಾರಿ ಎಷ್ಟು ಅಗಲ, ನೀರು ಸೇದುವ ಹಕ್ಕು ಯಾರಿಗೆ, ಉಪ್ಪರಿಗೆಯ ಏಣಿ ಎಲ್ಲಿ, ಗಡಿಯು ನಡುಗಂಬದ ಮಧ್ಯಕ್ಕೆ ಸರಿಯಾಗಿ - ಎಲ್ಲವೂ ಅಲ್ಲಿದೆ. ಬರೆದವರು ಯಾವ ವಾಸ್ತುಶಿಲ್ಪವನ್ನೂ ಓದಿದವರಲ್ಲ. ಆದರೆ ಆ ಕಾಗದ ಮಾತಿನಲ್ಲಿ ಬರೆದ ಮನೆಯ ನಕ್ಷೆ. ಹುಡುಗಿ ಆ ರಾತ್ರಿ ಕುಳಿತು ಪಾಲುಪಟ್ಟಿಯ ಪ್ರಕಾರ ಇನ್ನೊಂದು ಹಾಳೆ ಬರೆದಳು. ಎರಡು ಕಡೆ ಮಾತ್ರ ಕಾಗದಕ್ಕೂ ಕಟ್ಟಡಕ್ಕೂ ಹೊಂದಲಿಲ್ಲ. ಅವೆರಡೂ ನಮ್ಮ ಕುಟುಂಬದಲ್ಲಿ ವ್ಯಾಜ್ಯವಾದ ಜಾಗಗಳೇ. ಕರಾವಳಿಯ ಉಪನೋಂದಣಿ ಕಚೇರಿಗಳಲ್ಲಿ ಇಂಥ ವಿಭಾಗ ಪತ್ರಗಳು ಎಷ್ಟಿಲ್ಲ! ಮನೆಗಳ ಇತಿಹಾಸ ಬರೆಯುವವರು ಅವುಗಳ ಕಡೆಗೂ ಒಮ್ಮೆ ನೋಡಬೇಕು.

ಅಳತೆಯ ಕೆಲಸವನ್ನು ನೋಡುತ್ತಾ ನಾನೂ ಕೆಲವು ಸಂಗತಿ ಕಲಿತೆ. ಕೋಣೆಯ ಉದ್ದಗಲ ಅಳೆದರೆ ಸಾಲದು, ಮೂಲೆಯಿಂದ ಮೂಲೆಗೂ ಹಿಡಿಯಬೇಕು. ಇಲ್ಲವಾದರೆ ಓರೆಯಾದ ಕೋಣೆ ಕಾಗದದಲ್ಲಿ ಚೌಕವಾಗಿಬಿಡುತ್ತದೆ. ಗೋಡೆ ವಾಲಿದ್ದನ್ನು ತೂಕದ ಗುಂಡು ಬಿಟ್ಟು ಅಳೆಯಬೇಕು. ಹಂಚನ್ನು ತೆಗೆದು ಬೆನ್ನ ಮೇಲಿನ ಕಾರ್ಖಾನೆಯ ಮುದ್ರೆ ನೋಡಬೇಕು, ಆದರೆ ಅದು ಹಂಚಿನ ವಯಸ್ಸನ್ನು ಹೇಳೀತೇ ಹೊರತು ಮನೆಯದನ್ನಲ್ಲ. ಅಡಿ, ಮೀಟರುಗಳಲ್ಲಿ ಕಗ್ಗಂಟಾಗಿದ್ದ ಅಳತೆಗಳು ಊರಿನ ವೃದ್ಧ ಆಚಾರಿಯೊಬ್ಬರು ತಮ್ಮ ಅಳತೆಗೋಲು ಇಟ್ಟು ನೋಡಿದಾಗ ಸಲೀಸಾದ ಪೂರ್ಣ ಸಂಖ್ಯೆಗಳಾದವು. ಇನ್ನೊಂದು ಹತ್ತು ವರ್ಷ ತಡವಾಗಿದ್ದರೆ ಆ ಕೋಲನ್ನು ಹಿಡಿಯಬಲ್ಲವರು ನಮ್ಮೂರಿನಲ್ಲಿ ಇರುತ್ತಿರಲಿಲ್ಲ.

ಮನೆಯನ್ನೇ ಏಕೆ ಉಳಿಸಬಾರದು ಎಂದು ಕೇಳುವವರಿದ್ದಾರೆ. ಅಮೆರಿಕದ ಕಾನೂನು ಪ್ರಾಧ್ಯಾಪಕ ಮೈಕಲ್ ಹೆಲ್ಲರ್ 1998ರಲ್ಲಿ ಒಂದು ವಿಚಾರ ಮಂಡಿಸಿದರು. ಎಲ್ಲರಿಗೂ ಸೇರಿದ ಹುಲ್ಲುಗಾವಲು ಅತಿಬಳಕೆಯಿಂದ ಹಾಳಾಗುವಂತೆ, ಬೇಡವೆನ್ನುವ ಹಕ್ಕು ಹಲವರಿಗಿರುವ ಆಸ್ತಿ ಬಳಕೆಯಿಲ್ಲದೆ ಹಾಳಾಗುತ್ತದೆ. ಮಾಸ್ಕೋದಲ್ಲಿ ಅಂಗಡಿ ಮಳಿಗೆಗಳು ಖಾಲಿ ಬಿದ್ದು, ಎದುರಿನ ಬೀದಿಯ ಗೂಡಂಗಡಿಗಳಲ್ಲಿ ಸರಕು ತುಂಬಿದ್ದುದನ್ನು ಕಂಡು ಅವರಿಗೆ ಇದು ಹೊಳೆದದ್ದು. ಅವರು ಕೊಕ್ಕರ್ಣೆಗೆ ಬಂದಿದ್ದರೂ ಹೊಳೆಯುತ್ತಿತ್ತು. ನಮ್ಮಲ್ಲಿ ಹಂಚು ಬದಲಿಸಲು ಮೂವತ್ತು ಜನ ಒಪ್ಪಬೇಕು. ಬದಲಿಸದಿರಲು ಒಬ್ಬರು ಸಾಕು. ಮೂವತ್ತು ಜನರೂ ಕೊನೆಗೆ ಒಪ್ಪಿದ ಒಂದೇ ವಿಷಯ ಕೆಡಹುವುದು.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಸ್ತಶಿಲ್ಪ ಪರಂಪರಾ ಗ್ರಾಮ ಕಟ್ಟಿದ್ದು ಇಂಥ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿ. 1816ರ ಕುಂಜೂರು ಚೌಕಿಮನೆ ಇಂದಿಗೂ ನೋಡಸಿಗುವುದು ಅವರಿಂದ. ಆದರೆ 2017ರಲ್ಲಿ ತೀರಿಕೊಂಡ ಆ ಅಸಾಮಾನ್ಯ ವ್ಯಕ್ತಿಗೂ ಕೆಲವೇ ಮನೆಗಳನ್ನು ತರಲು ಸಾಧ್ಯವಾಯಿತು. ಉಳಿದವುಗಳಿಗೆ ಕಾಗದವೇ ಗತಿ. ಅಮೆರಿಕದಲ್ಲಿ ಆರ್ಥಿಕ ಮುಗ್ಗಟ್ಟಿನ 1933ರಲ್ಲಿ ಕೆಲಸವಿಲ್ಲದ ಸುಮಾರು ಸಾವಿರ ವಾಸ್ತುಶಿಲ್ಪಿಗಳಿಗೆ ಹತ್ತು ವಾರಗಳ ಕೂಲಿ ಕೊಟ್ಟು ಹಳೆಯ ಕಟ್ಟಡಗಳನ್ನು ಅಳೆಯಿಸುವ ಯೋಜನೆ ಹುಟ್ಟಿತು. ಆ ನಕ್ಷೆಗಳು ಅಲ್ಲಿನ ಸಂಸತ್ತಿನ ಗ್ರಂಥಾಲಯದಲ್ಲಿವೆ; ಕಟ್ಟಡ ಹೋದರೂ ನಕ್ಷೆ ಉಳಿದ ಉದಾಹರಣೆಗಳು ಅದರಲ್ಲಿ ಬೇಕಾದಷ್ಟಿವೆ. ನಮ್ಮಲ್ಲಿ 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಡಿ ಡ್ರೋನುಗಳು ಹಳ್ಳಿಯ ಮನೆಗಳ ಮಾಡನ್ನು ಆಕಾಶದಿಂದ ಚಿತ್ರಿಸಿವೆ. ಆಸ್ತಿಯ ಚೀಟಿಗೆ ಅಷ್ಟು ಸಾಕು. ಮಾಡಿನ ಅಡಿಯಲ್ಲಿ ಏನಿದೆಯೆಂದು ನೋಡಲು ನಾಲ್ವರು ವಿದ್ಯಾರ್ಥಿಗಳು, ಹತ್ತು ದಿನ, ಊಟ, ಬಸ್ಸಿನ ಖರ್ಚು ಬೇಕು. ಮನೆ ಕೆಡಹಲು ಅರ್ಜಿ ಬಂದಾಗ, ನೂರು ವರ್ಷ ದಾಟಿದ್ದಾದರೆ, ಅಳತೆಯ ನಕ್ಷೆಯೊಂದನ್ನು ಗ್ರಾಮ ಪಂಚಾಯಿತಿಯಲ್ಲಿ ಇರಿಸಬೇಕೆಂಬ ನಿಯಮ ಮಾಡುವುದು ಕಷ್ಟವೇ? ಮಾಲಿಕನ ಹಕ್ಕಿಗೆ ಅದರಿಂದ ಧಕ್ಕೆಯಿಲ್ಲ. ಕಡತ ಮಂಡಿಸುವ ಅಭ್ಯಾಸ ನನಗಿನ್ನೂ ಬಿಟ್ಟಿಲ್ಲವೆಂದು ಸ್ನೇಹಿತರು ನಗುತ್ತಾರೆ, ಇರಲಿ.

ನಕ್ಷೆಗಳು ಪೂರ್ತಿಯಾದ ದಿನ ಅವನ್ನು ಜಗಲಿಯಲ್ಲಿ ಹರಡಿದೆವು. ಈ ಬದಿಯಲ್ಲಿ ಇರುವ ನನ್ನ ಚಿಕ್ಕಮ್ಮನಿಗೆ ಎಂಬತ್ತೆಂಟು ದಾಟಿದೆ. ದಕ್ಷಿಣದ ಕೋಣೆಗೆ ವಿದ್ಯಾರ್ಥಿಗಳು 'ಉಗ್ರಾಣ' ಎಂದು ಬರೆದಿದ್ದನ್ನು ಮೊಮ್ಮಗಳು ಓದಿ ಹೇಳಿದಾಗ ಅವರು ತಿದ್ದಿದರು: ಅದು ಬಾಣಂತಿ ಕೋಣೆ, ನಾನು ಹುಟ್ಟಿದ್ದೂ ಅಲ್ಲೇ. ಗೋಡೆ ಎದ್ದ ವರ್ಷ ಅಕ್ಕತಂಗಿಯರ ನಡುವೆ ಆಡಿದ ಯಾವುದೋ ಮಾತಿನಿಂದಾಗಿ ಅವರು ಆ ಬದಿಗೆ ಕಾಲಿಟ್ಟವರಲ್ಲ. ದೈವದ ಪೂಜೆಗೂ ಹಿಂಬಾಗಿಲಿನಿಂದ ಸುತ್ತಿ ಹೋಗುತ್ತಿದ್ದರು. ಹಾಳೆಯ ಮೇಲೆ ಅವರ ಬೆರಳು ಇಟ್ಟಿಗೆಯ ಗೆರೆಯ ತನಕ ಬಂದು ನಿಂತಿತು. ಆಮೇಲೆ ಮೆಲ್ಲನೆ ದಾಟಿತು.

'ಮಗಾ, ಆ ಬದಿ ಬಾವಿಕಟ್ಟೆ ಕಾಂಬು ಕಿಟಕಿ ಇತ್ತಲ್ಲ, ಅದ್ ಇನ್ನೂ ಇತ್ತಾ?'

ಆ ಹುಡುಗಿ ಬಗ್ಗಿ, ಗೋಡೆಯಲ್ಲಿ ಎಳೆದಿದ್ದ ಎರಡು ಸಣ್ಣ ಗೆರೆಗಳನ್ನು ತೋರಿಸಿದಳು.