ಗಡಿಯಾಚೆ ಬೆಳೆದ ಕ್ವಾರ್ಟರ್‌ಬ್ಯಾಕ್ ವಾರನ್ ಮೂನ್

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಎಂದರೆ ದಾಳಿಯ ಸೂತ್ರಧಾರ. ಎದುರಾಳಿಗಳು ಮೈಮೇಲೆ ಬೀಳುವ ಮುನ್ನ ಸಿಗುವ ಎರಡು ಮೂರು ಸೆಕೆಂಡುಗಳಲ್ಲಿ ಚೆಂಡನ್ನು ಎಸೆಯಬೇಕೇ, ಸಹ ಆಟಗಾರನ ಕೈಗಿಟ್ಟು ಓಡಿಸಬೇಕೇ, ತಾನೇ ಹೊತ್ತು ನುಗ್ಗಬೇಕೇ ಎಂದು ನಿರ್ಧರಿಸಬೇಕಾದವನು ಅವನೇ. ಈ ಸ್ಥಾನಕ್ಕೆ ತೋಳ್ಬಲದಷ್ಟೇ ಬುದ್ಧಿಯೂ ನಾಯಕತ್ವವೂ ಬೇಕೆಂಬ ಮಾತು ನಿಜವಾದರೂ, ಅವೆರಡೂ ಕಪ್ಪು ಆಟಗಾರರಲ್ಲಿ ಇರಲಾರವೆಂಬ ಪೂರ್ವಗ್ರಹದಿಂದ ಅಮೆರಿಕದ ವೃತ್ತಿಪರ ತಂಡಗಳು ದಶಕಗಳ ಕಾಲ ಅವರನ್ನು ಅಲ್ಲಿಂದ ದೂರವಿಟ್ಟಿದ್ದವು. 1968ರಲ್ಲಿ ಡೆನ್ವರ್ ತಂಡದ ಕ್ವಾರ್ಟರ್‌ಬ್ಯಾಕ್ ಆಗಿ 14 ಟಚ್‌ಡೌನ್‌ಗಳಿಗೆ, ಅಂದರೆ ಎದುರಾಳಿಯ ಗೋಲ್ ಗೆರೆ ದಾಟಿ ತಲಾ 6 ಅಂಕ ತರುವ ಗಳಿಕೆಗೆ, ಚೆಂಡೆಸೆದಿದ್ದ ಮಾರ್ಲಿನ್ ಬ್ರಿಸ್ಕೋ ಅವರೇ ಮರುವರ್ಷ ಬಫಲೋ ತಂಡದಲ್ಲಿ ಚೆಂಡು ಹಿಡಿಯುವ ರಿಸೀವರ್ ಆಗಬೇಕಾಯಿತು. ವಾರನ್ ಮೂನ್ ಅವರ ಬದುಕನ್ನು ಈ ಹಿನ್ನೆಲೆಯಿಂದ ಬೇರ್ಪಡಿಸಿ ನೋಡಲಾಗದು.

1956ರ ನವೆಂಬರ್ 18ರಂದು ಲಾಸ್ ಏಂಜಲಿಸ್‌ನಲ್ಲಿ ಹುಟ್ಟಿದ ಮೂನ್ ಏಳನೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ನರ್ಸ್ ಆಗಿದ್ದ ತಾಯಿ ಮತ್ತು ಆರು ಮಂದಿ ಸೋದರಿಯರಿದ್ದ ಮನೆಯಲ್ಲಿ ಒಬ್ಬನೇ ಮಗನಾಗಿ ಬೆಳೆದ ಅವರು ಅಡುಗೆ, ಹೊಲಿಗೆ, ಇಸ್ತ್ರಿ ಎಲ್ಲವನ್ನೂ ಕಲಿತರು. ಕ್ವಾರ್ಟರ್‌ಬ್ಯಾಕ್ ಸ್ಥಾನ ಬಿಟ್ಟುಕೊಡಲು ಒಪ್ಪದೆ ಮೊದಲು ಸ್ಥಳೀಯ ಕಾಲೇಜೊಂದರಲ್ಲಿ ಆಡಿ, ಆ ಬಳಿಕ ತರಬೇತುದಾರ ಡಾನ್ ಜೇಮ್ಸ್ ಅವರಿದ್ದ ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಸ್ವಂತ ಮೈದಾನದ ಪ್ರೇಕ್ಷಕರೇ ಅವರನ್ನು ಮೂದಲಿಸಿ ಕೂಗುತ್ತಿದ್ದ ದಿನಗಳಿದ್ದವು. ಆದರೂ 1978ರ ಜನವರಿಯಲ್ಲಿ ನಡೆದ ಪ್ರತಿಷ್ಠಿತ ರೋಸ್ ಬೌಲ್ ಪಂದ್ಯದಲ್ಲಿ ಮಿಷಿಗನ್ ವಿರುದ್ಧ ತಂಡವನ್ನು 27–20ರಿಂದ ಗೆಲ್ಲಿಸಿ, ಪಂದ್ಯದ ಶ್ರೇಷ್ಠ ಆಟಗಾರರೆನಿಸಿಕೊಂಡರು.

ಅದೇ ವರ್ಷದ ಡ್ರಾಫ್ಟ್‌ನಲ್ಲಿ, ಅಂದರೆ ರಾಷ್ಟ್ರೀಯ ಲೀಗಿನ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಯಲ್ಲಿ, 28 ತಂಡಗಳ ಪೈಕಿ ಯಾವುದೂ 12 ಸುತ್ತುಗಳಲ್ಲಿ ಒಮ್ಮೆಯೂ ಅವರ ಹೆಸರು ಕರೆಯಲಿಲ್ಲ. ಸ್ಥಾನ ಬದಲಿಸಿದರೆ ನೋಡೋಣ ಎಂಬ ಧೋರಣೆಯನ್ನು ಮೊದಲೇ ಅರಿತಿದ್ದ ಮೂನ್, ಡ್ರಾಫ್ಟ್‌ಗೂ ಮುನ್ನವೇ ಕೆನಡಾದ ಎಡ್ಮಂಟನ್ ತಂಡದೊಂದಿಗೆ ಒಪ್ಪಂದ ಮಾಡಿಕೊಂಡಿದ್ದರು.

ಅಲ್ಲಿ ಅವರು ಆಡಿದ ಆರು ವರ್ಷಗಳನ್ನು ವನವಾಸವೆಂದು ಬಣ್ಣಿಸುವವರಿದ್ದಾರೆ. ಅನ್ಯಾಯದ ದೃಷ್ಟಿಯಿಂದ ಅದು ಸರಿಯಾದರೂ ಆಟದ ದೃಷ್ಟಿಯಿಂದ ಅವು ಅವರ ನಿಜವಾದ ಗುರುಕುಲವಾಗಿದ್ದವು. ಅಮೆರಿಕದ ಮೈದಾನ 100 ಗಜ ಉದ್ದ, ಸುಮಾರು 53 ಗಜ ಅಗಲವಿದ್ದರೆ ಕೆನಡಾದ್ದು 110 ಗಜ ಉದ್ದ, 65 ಗಜ ಅಗಲ; ಅಲ್ಲಿ ನಾಲ್ಕು ಯತ್ನಗಳಲ್ಲಿ 10 ಗಜ ಮುಂದುವರಿಯಬೇಕಾದರೆ ಇಲ್ಲಿ ಮೂರರಲ್ಲೇ ಅದು ಆಗಬೇಕು. ಹೀಗಾಗಿ ಚೆಂಡು ಹೊತ್ತು ಇಂಚಿಂಚಾಗಿ ನುಗ್ಗುವುದಕ್ಕಿಂತ ದೂರಕ್ಕೆ ಎಸೆಯುವುದೇ ಲಾಭಕರವಾಗಿ, ಅಂಚಿನ ಗೆರೆಯತ್ತ ಓಡುವ ಸಂಗಾತಿಗೆ ಚೆಂಡು ತಲುಪಿಸಬಲ್ಲ ತೋಳಿಗೆ ದೊಡ್ಡ ಬೆಲೆ ಬರುತ್ತದೆ. ಹಿರಿಯ ಕ್ವಾರ್ಟರ್‌ಬ್ಯಾಕ್ ಟಾಮ್ ವಿಲ್ಕಿನ್ಸನ್ ಅವರೊಂದಿಗೆ ಹೊಣೆ ಹಂಚಿಕೊಂಡೇ ಪಳಗಿದ ಮೂನ್ ಇದ್ದ ಎಡ್ಮಂಟನ್, ಕೆನಡಾ ಲೀಗಿನ ಗ್ರೇ ಕಪ್ಪನ್ನು 1978ರಿಂದ 1982ರವರೆಗೆ ಸತತ ಐದು ಬಾರಿ ಗೆದ್ದಿತು. 1982ರಲ್ಲಿ ಒಂದೇ ಋತುವಿನಲ್ಲಿ 5,000 ಗಜಗಳಷ್ಟು ಎಸೆತ ಗಳಿಸಿದ ಮೊದಲ ವೃತ್ತಿಪರ ಆಟಗಾರರೆನಿಸಿದ ಅವರು ಮರುವರ್ಷ ಅದನ್ನು 5,648ಕ್ಕೆ ಏರಿಸಿದರು.

ಆರು ವರ್ಷಗಳ ಹಿಂದೆ ಬೇಡವೆಂದಿದ್ದ ಲೀಗಿನ ತಂಡಗಳೇ ಪೈಪೋಟಿಗಿಳಿದಾಗ, 1984ರಲ್ಲಿ ಮೂನ್ ತಮ್ಮ ಎಡ್ಮಂಟನ್ ತರಬೇತುದಾರ ಹ್ಯೂ ಕ್ಯಾಂಬೆಲ್ ಅವರು ಹೋಗಿದ್ದ ಹ್ಯೂಸ್ಟನ್ ಆಯಿಲರ್ಸ್ ತಂಡವನ್ನು ಆಯ್ದುಕೊಂಡರು. ಆರಂಭದ ವರ್ಷಗಳು ಸೋಲಿನವು. ಅವರ ಪ್ರತಿಭೆ ಪೂರ್ಣವಾಗಿ ಅರಳಿದ್ದು 1990ರಲ್ಲಿ ತರಬೇತುದಾರ ಜ್ಯಾಕ್ ಪಾರ್ಡಿ ಅವರೊಂದಿಗೆ ಬಂದ ‘ರನ್ ಅಂಡ್ ಶೂಟ್’ ಪದ್ಧತಿಯಲ್ಲಿ. ನಾಲ್ವರು ರಿಸೀವರ್‌ಗಳನ್ನು ಒಟ್ಟಿಗೆ ಕಣಕ್ಕಿಳಿಸುವ ಈ ಪದ್ಧತಿಯಲ್ಲಿ ಅವರ ಓಟದ ದಾರಿ ಪೂರ್ತಿ ಮೊದಲೇ ನಿಗದಿಯಾಗಿರುವುದಿಲ್ಲ. ರಕ್ಷಕ ಹಿಂದೆ ಸರಿದರೆ ರಿಸೀವರ್ ಅವನ ಮುಂದೆಯೇ ತಿರುಗುತ್ತಾನೆ, ಒತ್ತರಿಸಿ ನಿಂತರೆ ಅವನನ್ನು ದಾಟಿ ಓಡುತ್ತಾನೆ. ಅದೇ ಕ್ಷಣದಲ್ಲಿ ಅದೇ ಚಲನೆಯನ್ನು ಅಷ್ಟು ದೂರದಿಂದ ಗ್ರಹಿಸಿ, ಆತ ತಿರುಗುವ ಮೊದಲೇ ಚೆಂಡನ್ನು ಕೈಬಿಡಬೇಕಾದವನು ಕ್ವಾರ್ಟರ್‌ಬ್ಯಾಕ್. ಬುದ್ಧಿಯ ನೆಪವೊಡ್ಡಿ ತಿರಸ್ಕೃತರಾಗಿದ್ದವರು ಎದುರಾಳಿಯನ್ನು ಓದುವ ಬುದ್ಧಿಯನ್ನೇ ಬಂಡವಾಳವಾಗಿಸಿಕೊಂಡ ಪದ್ಧತಿಯಲ್ಲಿ ಮೆರೆದದ್ದಕ್ಕಿಂತ ದಿಟ್ಟ ಉತ್ತರ ಬೇರೊಂದಿರಲಾರದು. 1990ರ ಡಿಸೆಂಬರ್ 16ರಂದು ಕಾನ್ಸಾಸ್ ಸಿಟಿ ವಿರುದ್ಧ ಅವರು ಗಳಿಸಿದ 527 ಗಜ, ಒಂದೇ ಪಂದ್ಯದಲ್ಲಿ ಆವರೆಗೆ ಬಂದಿದ್ದ ಎಸೆತಗಳಿಕೆಗಳಲ್ಲಿ 1951ರ 554 ಗಜಗಳ ದಾಖಲೆಯ ನಂತರದ್ದು.

ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಮಾತ್ರ ಅವರಿಗೆ ಎಂದೂ ದಕ್ಕಲಿಲ್ಲ. 1993ರ ಜನವರಿ 3ರಂದು ಬಫಲೋದಲ್ಲಿ, ಮೂನ್ ಮೊದಲಾರ್ಧದಲ್ಲೇ ನಾಲ್ಕು ಟಚ್‌ಡೌನ್ ಎಸೆದು 35–3ರ ಮುನ್ನಡೆಗೆ ಬುನಾದಿ ಹಾಕಿದ್ದರೂ, ಹೆಚ್ಚುವರಿ ಅವಧಿಯಲ್ಲಿ ಅವರ ಎಸೆತ ಎದುರಾಳಿಯ ಪಾಲಾಗಿ ಹ್ಯೂಸ್ಟನ್ 41–38ರಿಂದ ಸೋತಿತು. ಆ ನಂತರ ಮಿನೆಸೋಟ, ಸಿಯಾಟಲ್, ಕಾನ್ಸಾಸ್ ಸಿಟಿ ತಂಡಗಳಿಗೆ ಆಡಿ 2000ದ ಋತುವಿನೊಂದಿಗೆ ನಿವೃತ್ತರಾದಾಗ, ಅಮೆರಿಕದ 49,325 ಮತ್ತು ಕೆನಡಾದ 21,228 ಗಜಗಳು ಸೇರಿ ಅವರ ಗಳಿಕೆ 70,000 ದಾಟಿತ್ತು.

2006ರಲ್ಲಿ ಓಹಾಯೊದ ಕ್ಯಾಂಟನ್‌ನಲ್ಲಿರುವ ಹಾಲ್ ಆಫ್ ಫೇಮ್, ಅಂದರೆ ಶ್ರೇಷ್ಠ ಆಟಗಾರರ ಗೌರವ ಭವನ, ಅರ್ಹತೆ ಬಂದ ಮೊದಲ ವರ್ಷವೇ ಮೂನ್ ಅವರನ್ನು ಬರಮಾಡಿಕೊಂಡಿತು. ಆಧುನಿಕ ಯುಗದ ಕಪ್ಪು ಕ್ವಾರ್ಟರ್‌ಬ್ಯಾಕ್ ಒಬ್ಬರಿಗೆ ಅಲ್ಲಿ ಸ್ಥಾನ ದೊರೆತದ್ದು ಅದೇ ಮೊದಲು. ಆದರೂ 2018ರ ಡ್ರಾಫ್ಟ್‌ಗೆ ಮುನ್ನ, ಕಾಲೇಜು ಫುಟ್‌ಬಾಲ್‌ನ ಅತ್ಯುನ್ನತ ಪ್ರಶಸ್ತಿಯಾದ ಹೈಸ್ಮನ್ ಟ್ರೋಫಿ ಗೆದ್ದಿದ್ದ ಲಮಾರ್ ಜ್ಯಾಕ್ಸನ್ ಅವರನ್ನೂ ರಿಸೀವರ್ ಆಗಿ ನೋಡುವ ಮಾತು ಎದ್ದಿತು. ಜ್ಯಾಕ್ಸನ್ ಒಪ್ಪಲಿಲ್ಲ, ಮೊದಲ ಸುತ್ತಿನ ಕೊನೆಯ ಆಯ್ಕೆಯಾಗಿ ಬಾಲ್ಟಿಮೋರ್ ಸೇರಿದ ಅವರು 2019ರ ಋತುವಿನ ಅತ್ಯಮೂಲ್ಯ ಆಟಗಾರ ಪ್ರಶಸ್ತಿಯನ್ನು ಸರ್ವಾನುಮತದಿಂದ ಗೆದ್ದದ್ದು ಕ್ವಾರ್ಟರ್‌ಬ್ಯಾಕ್ ಆಗಿಯೇ.