ನೇಮ್‌ಪ್ಲೇಟ್ ಇಲ್ಲದ ಮೋಟಾರಿನ ಶಕ್ತಿ ಎಷ್ಟು?

ಪಲ್ಪರಿಗೋ ಪಂಪಿಗೋ ಕೊಂಡ ಹಳೆಯ ತ್ರೀ-ಫೇಸ್ ಮೋಟಾರಿಗೆ ಹಲವು ವೇಳೆ ನೇಮ್‌ಪ್ಲೇಟೇ ಇರುವುದಿಲ್ಲ. ಅಂದಾಜಿನ ಮೇಲೆ ಓವರ್‌ಲೋಡ್ ರಿಲೇ ಏರಿಸಿಟ್ಟರೆ ವೈಂಡಿಂಗ್ ಸುಟ್ಟೀತು.

ಮೊದಲು ಬಲ್ಲ ವೈರ್‌ಮನ್‌ನಿಂದ ಮೆಗ್ಗರ್ ಪರೀಕ್ಷೆ ಮಾಡಿಸಿರಿ. ಒಂದು ಮೆಗ್‌ಓಮಿಗಿಂತ ಕಡಿಮೆಯಿದ್ದರೆ ಕರೆಂಟು ಕೊಡಕೂಡದು. ಅನಂತರ ಬೆಲ್ಟ್ ಇಲ್ಲದೆ ಓಡಿಸಿದಾಗ ನಿಮಿಷಕ್ಕೆ 1500 ಸುತ್ತಿನ ಸಮೀಪವಿದ್ದರೆ ಅದು ನಾಲ್ಕು ಪೋಲಿನದು. ಅಂತಹದರಲ್ಲಿ ಪಾದದ ತಳದಿಂದ ಶಾಫ್ಟಿನ ಮಧ್ಯದವರೆಗಿನ ಎತ್ತರ 100 ಮಿ.ಮೀ. ಇದ್ದರೆ ಸಾಮಾನ್ಯವಾಗಿ 3 ಎಚ್.ಪಿ., 112 ಇದ್ದರೆ 5 ಎಚ್.ಪಿ. ಶಾಫ್ಟಿನ ದಪ್ಪ ಎರಡರಲ್ಲೂ 28 ಮಿ.ಮೀ.; ಅದೊಂದನ್ನೇ ನಂಬಬೇಡಿರಿ. ಬಹಳ ಹಳೆಯ ಮಾದರಿಗಳಿಗೆ ಈ ಅಳತೆ ಸಲ್ಲದು.

415 ವೋಲ್ಟಿನಲ್ಲಿ ಎಚ್.ಪಿ.ಗೆ ಸುಮಾರು ಒಂದೂವರೆ ಆಂಪಿಯರ್, 5 ಎಚ್.ಪಿ.ಗೆ ಏಳೂವರೆ. ಕೆಲಸದಲ್ಲಿ ಅದಕ್ಕಿಂತ ಹೆಚ್ಚು ಎಳೆದರೆ ಭಾರ ಇಳಿಸಿರಿ, ರಿಲೇ ಏರಿಸಬೇಡಿರಿ.